ಡಿಂಗಾಳಿ ಲೈನ್

ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ಊರಿಗೆ ಬೋರ್ಡಿನ ಹುಚ್ಚು ಹಿಡಿಯಿತು. ಮೂರು ಮನೆ ಇದ್ದ ಕಡೆ ನಗರ, ಒಂದು ಹೊಂಗೆಮರ ಇದ್ದ ಕಡೆ ಬಡಾವಣೆ, ಎಮ್ಮೆ ಕಟ್ಟುತ್ತಿದ್ದ ಸಂದಿಗೆ ಮುಖ್ಯರಸ್ತೆ. ಇಷ್ಟು ವರ್ಷ ಹೆಸರಿಲ್ಲದೆಯೂ ತಪ್ಪದೆ ಮನೆ ಸೇರುತ್ತಿದ್ದ ಜನ ಇನ್ನು ಮೇಲೆ ನೀಲಿ ತಗಡು ನೋಡಿಕೊಂಡು ನಡೆಯಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಗೊತ್ತಿಲ್ಲ. ಹೋಗಲಿ, ಬೋರ್ಡು ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಆ ಹುಚ್ಚು ಸ್ಟೇಷನ್ನಿನ ಹಿಂದಿನ ಡಿಂಗಾಳಿ ಲೈನಿನವರೆಗೂ ಬಂದಾಗ ಕೋಮಲಾಗೆ ತಲೆ ಕೆಟ್ಟುಹೋಯಿತು.

ಡಿಂಗಾಳಿ ಎಂದರೆ ರೈಲುಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗಿನ ಆಳು. ರೈಲ್ವೆಯ ಕಾಗದದಲ್ಲಿ ಈ ಮಾತು ಎಲ್ಲೂ ಇಲ್ಲ. ಅಲ್ಲಿ ಮೊದಲು ಗ್ಯಾಂಗ್‌ಮನ್ ಎಂದಿತ್ತು, ಆಮೇಲೆ ಟ್ರ್ಯಾಕ್‌ಮನ್ ಆಯಿತು, ಈಗ ಟ್ರ್ಯಾಕ್ ಮೇಂಟೇನರ್ ಅಂತೆ. ಕಾಗದ ಏನಾದರೂ ಅನ್ನಲಿ, ಬೀರೂರಿನಿಂದ ಈಚೆಗೆ ಜಲ್ಲಿ ಗುದ್ದಿ, ಹಳಿ ಎತ್ತಿ, ಬೆನ್ನು ಸುಟ್ಟುಕೊಂಡವರು ತಮ್ಮನ್ನು ತಾವು ಡಿಂಗಾಳಿ ಎಂದೇ ಕರೆದುಕೊಂಡರು. ಅವರು ಗುಡಿಸಲು ಹಾಕಿಕೊಂಡ ಜಾಗ ಡಿಂಗಾಳಿ ಲೈನ್ ಆಯಿತು. ಗುಡಿಸಲು ಹೋಗಿ ಹೆಂಚು ಬಂತು, ಹೆಂಚು ಹೋಗಿ ಆರ್‌ಸಿಸಿ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಊರಿನವರೂ ಆ ಮಾತು ಆಡುತ್ತಿದ್ದರು. ಗ್ಯಾಂಗಿನವರ ಬಾಯಲ್ಲಿ ಅದು ಗುರುತು, ಊರಿನವರ ಬಾಯಲ್ಲಿ ಬೈಗುಳ.

ಕೋಮಲಾ ಇವತ್ತಿಗೂ ಅದೇ ಕೆಲಸದಲ್ಲಿದ್ದಾಳೆ. ಸೀರೆಯ ಮೇಲೆ ಅಪ್ಪನ ಕಾಲದ ಶರ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ಅವಳ ಅಪ್ಪ ಕರಿಯಣ್ಣ ಇದೇ ಗ್ಯಾಂಗಿನಲ್ಲಿದ್ದು, ಹಳಿಯ ಮೇಲೇ ಹೋದವನು. ಅವನು ಹೇಗೆ ಹೋದ ಅನ್ನುವುದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಗ್ಯಾಂಗು ಬಗ್ಗಿ ಜಲ್ಲಿ ಗುದ್ದುವಾಗ ದೂರದಲ್ಲಿ ಒಬ್ಬ ಕೆಂಪು ಬಾವುಟ ಹಿಡಿದು ನಿಂತಿರುತ್ತಾನೆ. ಗಾಡಿ ಬರುವ ಸುಳಿವು ಸಿಕ್ಕಿದ ಕೂಡಲೆ ಅವನು "ಲೈನ್ ಬಿಡೀ" ಎಂದು ರಾಗ ಎಳೆದು ಕೂಗುತ್ತಾನೆ. ಆಗ ಸಾಲಿನಲ್ಲಿದ್ದವರೆಲ್ಲ ಹಳಿಯಿಂದ ಇಳಿದು, ಆ ತುದಿಯಿಂದ ಈ ತುದಿಗೆ ಒಬ್ಬೊಬ್ಬರಾಗಿ "ಡಿಂಗಾಳಿ" ಅನ್ನಬೇಕು. ಹಾಗೆಂದರೆ, ನಾನು ಹೊರಗೆ ಬಂದೆ ಎಂದು. ಎಲ್ಲರ ದನಿ ಕಿವಿಗೆ ಬಿದ್ದ ಮೇಲೆಯೇ ಗ್ಯಾಂಗಿನ ಮೇಸ್ತ್ರಿ ಕೈ ಎತ್ತುವುದು. ಅವನ ಕೈ ಎದ್ದರೆ ಕೆಂಪು ಬಾವುಟ ಮಡಚಿ ಹಸಿರು ತೋರಿಸುತ್ತಾರೆ, ಗಾಡಿ ತನ್ನ ವೇಗದಲ್ಲಿ ಹೋಗುತ್ತದೆ. ಇದನ್ನು ಯಾವ ಸಾಹೇಬನೂ ಕಲಿಸಿದ್ದಲ್ಲ. ಇವರೇ ಮಾಡಿಕೊಂಡದ್ದು.

ಆವತ್ತು ಶಿವನಿ ಕಡೆಯ ಕಟಿಂಗಿನಲ್ಲಿ, ಎರಡೂ ಕಡೆ ಮಣ್ಣಿನ ಗೋಡೆ ಇರುವ ತಿರುವಿನಲ್ಲಿ ಕೆಲಸ ನಡೆದಿತ್ತು. ಕೂಗು ಬಿತ್ತು, ಎಲ್ಲರೂ ಇಳಿದರು. ಹಳಿ ಎತ್ತಲು ಕೆಳಗಿಟ್ಟ ಜಾಕ್ ಅಲ್ಲೇ ಉಳಿದದ್ದು ಕರಿಯಣ್ಣನಿಗೆ ನೆನಪಾಯಿತು. ಅದು ಅಲ್ಲಿದ್ದರೆ ಗಾಡಿ ಉರುಳುತ್ತದೆ. ಅವನು ತಿರುಗಿ ಹೋದ. ಸಾಲಿನಲ್ಲಿ ಅವನ ಸರದಿ ಬಂದಾಗ ದನಿ ಬರಲಿಲ್ಲ. ಇಲ್ಲೇ ಎಲ್ಲೋ ಬೀಡಿ ಹಚ್ಚುತ್ತಿರಬೇಕು ಅಂದುಕೊಂಡು ಯಾರೋ ಅವನ ಬದಲಿಗೆ "ಡಿಂಗಾಳಿ" ಅಂದರು. ಮೇಸ್ತ್ರಿ ಕೆಂಚಪ್ಪ ಕೈ ಎತ್ತಿದ. ಕರಿಯಣ್ಣ ಜಾಕನ್ನು ಹೊರಗೆ ತಳ್ಳಿದ, ತನಗೆ ಹೊರಗೆ ಬರಲಾಗಲಿಲ್ಲ.

ಅವನ ಬದಲಿಗೆ ದನಿ ಕೊಟ್ಟವರು ಯಾರು ಎಂದು ಲೈನಿನಲ್ಲಿ ಯಾರೂ ಬಾಯಿ ಬಿಟ್ಟಿಲ್ಲ. ಕರಿಯಣ್ಣನ ಹೆಂಡತಿ ಸಾಯುವವರೆಗೂ ಕೇಳಲಿಲ್ಲ. ಆದರೆ ಅಂದಿನಿಂದ ಎರಡು ಕಟ್ಟಳೆ ಹುಟ್ಟಿದವು. ಒಬ್ಬರ ಸರದಿಗೆ ಇನ್ನೊಬ್ಬರು ದನಿ ಕೊಡಬಾರದು. ಕರಿಯಣ್ಣನ ಸರದಿ ಬಂದಾಗ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮುಂದಿನವರು ಹೇಳಬೇಕು. ಕೆಂಚಪ್ಪನಂತೂ ಮತ್ತೆ ನಿವೃತ್ತನಾಗುವವರೆಗೂ ದನಿಯೊಂದನ್ನೇ ನಂಬಲಿಲ್ಲ. ಒಬ್ಬೊಬ್ಬರ ಮುಖ ನೋಡಿಯೇ ಕೈ ಎತ್ತುತ್ತಿದ್ದ.

ಅನುಕಂಪದ ಕೆಲಸ ಮೊದಲು ಬಂದದ್ದು ಮಗ ಚಂದ್ರಕುಮಾರನಿಗೆ. "ಸತ್ರೂ ಡಿಂಗಾಳಿ ಆಗಲ್ಲ" ಎಂದ. ಕೋಮಲಾ ಹಾರೆ ಹಿಡಿದಳು, ತಮ್ಮ ಬಿ.ಎಡ್. ಓದಿದ. ಗ್ಯಾಂಗಿನವರು ಅವಳಿಗೆ ಅಪ್ಪನ ಜಾಗ ಕೊಡಲಿಲ್ಲ. ಅದನ್ನು ಖಾಲಿ ಬಿಟ್ಟು ಅದರ ಪಕ್ಕದ್ದು ಕೊಟ್ಟರು. ಹೀಗಾಗಿ ಪ್ರತಿ ಗಾಡಿಗೂ ಅಪ್ಪನ ಮೌನ ಕೇಳಿಸಿಕೊಂಡ ಮೇಲೆಯೇ ಅವಳು ಬಾಯಿ ತೆರೆಯುವುದು. ಈಗ ಹೂಟರ್ ಬಂದಿದೆ, ವಾಕಿಟಾಕಿ ಬಂದಿದೆ. ಆದರೂ ಕೂಗು ನಿಂತಿಲ್ಲ.

ಈಗ ತರೀಕೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿರುವ ಚಂದ್ರಕುಮಾರ ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬಂದ. ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು, "ಅಕ್ಕ, ನಮ್ ಲೈನಿಗೆ ಹೊಸ ಹೆಸ್ರು ಬತ್ತೈತೆ. ಪ್ರಶಾಂತ ನಗರ" ಎಂದ.

"ಯಾರಿಗಪ್ಪ ಪ್ರಶಾಂತ? ಗೂಡ್ಸ್ ಹೋದ್ರೆ ನಾಗಂದಿಗೆ ಮೇಲಿನ ಪಾತ್ರೆ ಎಲ್ಲ ಗಡಗಡ ಅಂತವೆ."

"ತಮಾಷೆ ಮಾಡ್ಬೇಡ. ಅರ್ಜಿ ಕೊಟ್ಟಿದ್ದೇ ನಾನು. ಲೈನಿನೋರೆಲ್ಲ ಸೈನ್ ಹಾಕವ್ರೆ."

ಕೋಮಲಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿತು. "ನನ್ನ ಕೇಳ್ಲಿಲ್ಲ."

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಈಗ್ಲೂ ಬ್ಯಾಡ ಅಂತೀನಿ."

ಆಮೇಲೆ ಚಂದ್ರಕುಮಾರ ಹೇಳಿದ್ದನ್ನು ಅವನು ಹಿಂದೆ ಎಂದೂ ಹೇಳಿರಲಿಲ್ಲ. "ಸ್ಕೂಲಲ್ಲಿ ಹಾಜರಿ ಕೂಗ್ತಿದ್ರಲ್ಲ ಅಕ್ಕ, ನನ್ನ ಹೆಸ್ರು ಬಂದ್ ಕೂಡ್ಲೆ ನಾನು ಬಾಯಿ ತೆಗೆಯೋ ಮೊದ್ಲೇ ಹಿಂದಿನ ಬೆಂಚಿಂದ ಡಿಂಗಾಳಿ ಅನ್ನೋರು. ಕ್ಲಾಸೆಲ್ಲ ನಗೋದು. ಮೇಷ್ಟ್ರೂ ನಗೋರು. ಒಂದು ದಿನಾನೂ ನನ್ನ ಹಾಜರಿ ನಾನು ಹೇಳ್ಲಿಲ್ಲ. ಹಟ್ಟಿ ಹೆಸ್ರು, ಕೇರಿ ಹೆಸ್ರು ಎಲ್ಲ ಕಿತ್ ಬಿಸಾಕ್ಬೇಕು ಅಂತ ನಾವೇ ತಾನೇ ಹೇಳೋದು? ಗೋಡೆ ಮೇಲೆ ಬುದ್ಧನ ಫೋಟೋ ಯಾಕೆ ಹಾಕ್ಕಂಡಿದೀವಿ?"

ತಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಸರಿಯೂ ಅಲ್ಲ.

"ಅವು ಬ್ಯಾರೆಯೋರು ನಮ್ ತಲೆ ಮ್ಯಾಲೆ ಹೇರಿದ್ ಹೆಸ್ರು ಕಣೋ. ಕಿತ್ ಬಿಸಾಕು, ನಾನೂ ಕೈ ಹಾಕ್ತೀನಿ. ಇದು ಅಂಗಲ್ಲ. ಇದು ಅಪ್ಪ ತಾನೇ ಕೂಗಿದ್ದು."

"ಏನು ಅರ್ಥ ಅದಕ್ಕೆ? ಹೇಳು ನೋಡಾನ. ಎಲ್ಲಿಂದ ಬಂತು? ತಲೆ ಬುಡ ಗೊತ್ತಿಲ್ಲದ ಮಾತಿಗೆ ಇಷ್ಟೊಂದು ಹಟ ಮಾಡ್ತೀಯಲ್ಲ."

ಗಣಿತದ ಮೇಷ್ಟ್ರಿಗೆ ಉತ್ತರವಿಲ್ಲದ ಲೆಕ್ಕ ಎಂದರೆ ತಪ್ಪು ಲೆಕ್ಕ. ಅವನು ಸ್ಕೂಟರು ಹತ್ತಿ ಹೊರಟುಹೋದ.

ಕೋಮಲಾ ನೇರ ಕೆಂಚಪ್ಪನ ಮನೆಗೆ ಹೋದಳು. ಮುದುಕ ಬಿಸಿಲಿಗೆ ಕಾಲು ಚಾಚಿಕೊಂಡು ತೆಂಗಿನಗರಿಯ ಪೊರಕೆ ಕಟ್ಟುತ್ತಿದ್ದ. ಅರ್ಜಿಗೆ ಸೈನ್ ಹಾಕಿದೆಯಾ ಎಂದು ಕೇಳಿದಳು.

"ಹಾಕ್ದೆ ಕಣವ್ವ. ಕರಿಯಣ್ಣನ ಮಗ ಮನೆ ಬಾಗಿಲಿಗೆ ಬಂದು ಕೇಳ್ದಾಗ ನಾನು ಇಲ್ಲ ಅನ್ನಕ್ಕಾಯ್ತದಾ?" ಅವನು ತಲೆ ಎತ್ತಲಿಲ್ಲ. ಕೋಮಲಾ ಅದನ್ನು ಅಲ್ಲಿಗೇ ಬಿಟ್ಟು ಡಿಂಗಾಳಿ ಎಂಬ ಮಾತಿನ ಮೂಲ ಕೇಳಿದಳು.

"ಸುತ್ತಿಗೆ ಹಳಿ ಮ್ಯಾಲೆ ಬಿದ್ರೆ ಡಿಂಗ್ ಅಂತದೆ. ಅಂಗನ್ನಿಸೋ ಆಳು ಡಿಂಗಾಳಿ. ಇನ್ನೇನಿರ್ತದೆ" ಎಂದ ಕೆಂಚಪ್ಪ.

ಪಕ್ಕದ ಮನೆಯ ಮೀನಾಕ್ಷಮ್ಮ ಒಪ್ಪಲಿಲ್ಲ. ಅವಳೂ ಆ ಕಾಲದಲ್ಲಿ ಕೂಲಿಗೆ ಜಲ್ಲಿ ಹೊತ್ತು ಅದೇ ಸಾಲಿನಲ್ಲಿ ನಿಂತವಳು. "ಸುಮ್ನಿರು ಮಾರಾಯ. ನಮ್ಮತ್ತೆ ಹೇಳೋರು, ತಮಿಳ್ ಕಡೆಯಿಂದ ಬಂದ ಆಳುಗಳು ತಂದ ಮಾತಂತೆ ಅದು. ಅವ್ರು ಹೋದ್ರು, ಮಾತು ಉಳ್ಕಂತು."

ಬೀದಿಯ ತುದಿಯಲ್ಲಿರುವ, ಅದೇ ಗ್ಯಾಂಗಿನ ಯೋಗಾನಂದನದು ಇನ್ನೊಂದು. ಜಲ್ಲಿ ಗುದ್ದುವ ಹಳೆಯ ಹಾರೆಯ ಮೇಲೆ ಯಾವುದೋ ಸೀಮೆ ಕಂಪನಿಯ ಹೆಸರು ಹಾಗೆ ಅಚ್ಚಾಗಿತ್ತಂತೆ. ನೀನು ನೋಡಿದ್ದೀಯಾ ಎಂದರೆ ಇಲ್ಲ, ಮಾವ ನೋಡಿದ್ದನಂತೆ. ಮಾವನನ್ನು ಕೇಳೋಣವೆಂದರೆ ಅವನು ಮಣ್ಣಾಗಿ ಯಾವ ಕಾಲವಾಯಿತು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ವಾದ ಮಾಡಿದರು. ಕೊನೆಗೆ ಮೀನಾಕ್ಷಮ್ಮನ ಹಾಲು ಉಕ್ಕಿ ಒಲೆ ಆರಿತು, ಮೂಲ ಮಾತ್ರ ಸಿಗಲಿಲ್ಲ.

ಇಷ್ಟರಲ್ಲಿ ಬೀದಿಗಳಿಗೆ ಹೆಸರಿಡಲು ಪಂಚಾಯಿತಿ ಮಾಡಿದ್ದ ಸಮಿತಿಯಿಂದ ರಾಜಶೇಖರ್ ಕೋಮಲಾಳ ಮನೆಗೆ ಬಂದರು. ಕಡೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದು ನಿವೃತ್ತರಾದವರು, ಊರೂರಿನ ಇತಿಹಾಸ ಹುಡುಕುವವರು. ಒಳ್ಳೆಯ ಮನುಷ್ಯರೇ. ಕೊಟ್ಟ ಮಜ್ಜಿಗೆ ಕುಡಿದು ಚೆನ್ನಾಗಿದೆ ಅಂದರು. ಆದರೆ ಖಾಲಿ ಜಾಗ ಕಂಡರೆ ತುಂಬಿಸದೆ ಇರಲಾರದ ಜನರಿರುತ್ತಾರಲ್ಲ, ಆ ಪೈಕಿ.

"ನಿಮಗೆ ಸಂತೋಷದ ಸುದ್ದಿ ತಂದಿದ್ದೇನೆ" ಎಂದರು. "ಪ್ರಶಾಂತ ನಗರ ಬೇಡವೆಂದು ನಾನೇ ತಡೆದೆ. ಈ ಹೆಸರಿಗೆ ಮೂಲ ಸಿಕ್ಕಿದೆ. ಈ ರೈಲುದಾರಿ ಹಾಕಿಸುವಾಗ ಡಿಂಗ್ಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಇದ್ದಿರಬಹುದು. ಡಿಂಗ್ಲಿಯ ಆಳುಗಳು, ಅದೇ ಡಿಂಗಾಳಿ. ರಸ್ತೆಗೆ ಡಿಂಗ್ಲಿ ರಸ್ತೆ ಎಂದೇ ಇಡೋಣ, ಕೆಳಗೆ ಎರಡು ಸಾಲು ವಿವರಣೆ. ನಿಮ್ಮ ತಮ್ಮನಿಗೂ ಒಪ್ಪಿಗೆ."

ಒಪ್ಪದೆ ಇರುತ್ತಾನೆಯೇ. ಬೈಗುಳ ರಾತ್ರೋರಾತ್ರಿ ದೊರೆಯ ಹೆಸರಾದರೆ ಯಾರಿಗೆ ಬೇಡ. ಕೋಮಲಾಗೆ ಮಾತ್ರ ಮೈಯೆಲ್ಲ ಉರಿಯಿತು. ಪ್ರಶಾಂತ ನಗರವಾದರೂ ಒರೆಸಿ ಹಾಕುವ ಹೆಸರು. ಇದು ಅಪ್ಪನ ಬಾಯಿಂದ ಮಾತು ಕಿತ್ತು ಯಾವನೋ ಟೋಪಿ ದೊರೆಯ ಬಾಯಿಗೆ ಹಾಕುವುದು.

"ಆ ಡಿಂಗ್ಲಿ ಈ ಕಡೆ ಬಂದಿದ್ನಾ ಸಾರ್?"

"ಬಂದಿರಬಹುದು."

"ಇರಬಹುದು ಅನ್ನೋದ್ನ ಬೋರ್ಡ್ ಮ್ಯಾಲೂ ಬರಿಸ್ತೀರಾ?"

ರಾಜಶೇಖರ್ ನಕ್ಕರು. "ಬೋರ್ಡಿನ ಮೇಲೆ ಹಾಗೆಲ್ಲ ಬರೆಯಲಾಗುವುದಿಲ್ಲಮ್ಮ. ಜನಕ್ಕೆ ಒಂದು ಉತ್ತರ ಬೇಕು. ನಿಮ್ಮ ಬಳಿ ಬೇರೆ ಮೂಲ ಇದ್ದರೆ ಹೇಳಿ, ಖಂಡಿತ ಹಾಕೋಣ."

"ಇಲ್ಲ" ಎಂದಳು ಕೋಮಲಾ. "ನಂಗೊತ್ತಿಲ್ಲ. ಆದ್ರೆ ಡಿಂಗ್ಲಿ ರಸ್ತೆ ಆಗಲ್ಲ. ನಾನಿರೋವರ್ಗೂ ಆಗಲ್ಲ."

ಹೆಸರು ತೀರ್ಮಾನಿಸುವ ಸಭೆ ಮುಂದಿನ ವಾರ ಸಮುದಾಯ ಭವನದಲ್ಲಿ ಸೇರಿತು. ಮಧ್ಯಾಹ್ನದ ಬಿಸಿಲು, ತಗಡಿನ ಸೂರು, ತಿರುಗಿದರೂ ಗಾಳಿ ಕೊಡದ ಫ್ಯಾನು. ವೇದಿಕೆಯ ಮೇಲೆ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ ಸ್ಫೂರ್ತಿ ಕೂತಿದ್ದಳು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ. ಅವಳ ಒಂದು ಬದಿಗೆ ರಾಜಶೇಖರ್, ಇನ್ನೊಂದು ಬದಿಗೆ ಅರ್ಜಿದಾರ ಚಂದ್ರಕುಮಾರ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ. ಕೆಳಗೆ ಲೈನಿನವರು ಅಲ್ಲೊಬ್ಬರು ಇಲ್ಲೊಬ್ಬರು ಹರಡಿಕೊಂಡು ಕೂತಿದ್ದರು. ಕೋಮಲಾ ಡ್ಯೂಟಿಯಿಂದ ನೇರ ಬಂದವಳು, ಕಿತ್ತಳೆ ಜಾಕೆಟ್ಟು ಬಿಚ್ಚಿರಲಿಲ್ಲ. ಬೇಕೆಂದೇ ಬಿಚ್ಚಿರಲಿಲ್ಲ.

ರಾಜಶೇಖರ್ ಡಿಂಗ್ಲಿಯ ಬಗ್ಗೆ ಸೊಗಸಾಗಿ ಮಾತಾಡಿದರು. ಎಷ್ಟು ಸೊಗಸಾಗಿ ಎಂದರೆ, ಜಗಲಿಯ ಮೇಲೆ "ಇದ್ದಿರಬಹುದು" ಎಂದಿದ್ದದ್ದು ಇಲ್ಲಿಗೆ ಬರುವಷ್ಟರಲ್ಲಿ "ಇದ್ದರು" ಎಂದಾಗಿತ್ತು. ಮಾತು ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಆಕ್ಷೇಪಣೆ ಇದ್ದರೆ ಹೇಳಬಹುದು ಎಂದಳು ಸ್ಫೂರ್ತಿ. ಕೋಮಲಾ ಎದ್ದು ನಿಂತಳು.

"ಮೇಡಂ, ಆ ಮಾತು ಎಲ್ಲಿಂದ ಬಂತೋ ನಂಗೊತ್ತಿಲ್ಲ. ಕೆಂಚಪ್ಪಂಗೆ ಗೊತ್ತಿಲ್ಲ, ಮೀನಾಕ್ಷಮ್ಮಂಗೆ ಗೊತ್ತಿಲ್ಲ. ಸಾರ್‌ಗೂ ಗೊತ್ತಿಲ್ಲ. ಗೊತ್ತಿದ್ದೋರು ಸತ್ತು ಹೋಗವ್ರೆ. ಗ್ಯಾಂಗಲ್ಲಿ ನಮ್ದೊಂದು ಕಟ್ಳೆ ಐತೆ. ಒಬ್ರ ಸರದಿಗೆ ಇನ್ನೊಬ್ರು ದನಿ ಕೊಡಬಾರ್ದು. ಕೊಟ್ಟಿದ್ದಕ್ಕೇ ನಮ್ಮಪ್ಪ ಹೋಗಿದ್ದು. ಸತ್ತೋರ ಬದ್ಲು ನೀವು ಉತ್ರ ಹೇಳ್ಬೇಡಿ. ಹೆಸ್ರು ಇರೋ ಹಂಗೇ ಬರೀರಿ. ಕೆಳಗೆ ಏನೂ ಬರೀಬೇಡಿ. ಆ ಜಾಗ ಖಾಲಿ ಇರ್ಲಿ."

"ಬೋರ್ಡ್ ಮೇಲೆ ಖಾಲಿ ಜಾಗ ಬಿಡ್ತಾರೇನಮ್ಮ" ಎಂದು ಹಿಂದಿನಿಂದ ಯಾರೋ ನಕ್ಕರು. ಕೋಮಲಾ ಆ ಕಡೆ ತಿರುಗಿ, "ನಾವು ಇಷ್ಟು ವರ್ಷ ಬಿಟ್ಟಿದೀವಿ" ಎಂದಳು. ನಗು ಅಲ್ಲಿಗೇ ನಿಂತಿತು.

ಸ್ಫೂರ್ತಿ ಪೆನ್ನು ಕೆಳಗಿಟ್ಟಳು. ಅವಳಿಗೆ ಇದು ಇಷ್ಟು ದೊಡ್ಡ ವಿಷಯ ಎಂದು ಯಾರೂ ಹೇಳಿರಲಿಲ್ಲ. "ನೋಡಿ, ಹೆಸರು ಬದಲಿಸಿ ಅನ್ನುವ ಅರ್ಜಿಯಲ್ಲಿ ನಿಮ್ಮದು ಬಿಟ್ಟು ಲೈನಿನವರೆಲ್ಲರ ಸಹಿ ಇದೆ. ನೀವೊಬ್ಬರೇ ಬೇಡ ಅಂದರೆ ನಾನೇನು ಮಾಡಲಿ? ಹಳೇ ಹೆಸರೇ ಇರಲಿ, ಕೆಳಗೆ ಏನೂ ಬೇಡ ಅನ್ನುವವರು ಲೈನಿನಲ್ಲಿ ಇನ್ನೂ ಇದ್ದರೆ ಕೈ ಎತ್ತಿ. ಜಾಸ್ತಿ ಜನ ಇದ್ದರೆ ಹಾಗೇ ಮಾಡೋಣ."

ಯಾರೂ ಕೈ ಎತ್ತಲಿಲ್ಲ. ಮೀನಾಕ್ಷಮ್ಮ ಸೆರಗು ತಿರುಚಿದಳು. ಯೋಗಾನಂದ ಸೂರು ನೋಡಿದ. ಕೆಂಚಪ್ಪ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದ. ವೇದಿಕೆಯ ಮೇಲೆ ಕರಿಯಣ್ಣನ ಮಗ ಕೂತಿರುವಾಗ, ಅವನ ಅರ್ಜಿಗೆ ಎದುರಾಗಿ ಕೈ ಎತ್ತುವುದು ಹೇಗೆ? ಹಾಳಾದ ದಾಕ್ಷಿಣ್ಯ. ಈ ಜನ ರೈಲಿಗೆ ಹೆದರದವರು, ಒಂದು ಬಿಳಿ ಶರ್ಟಿಗೆ ಹೆದರಿ ಕೂತಿದ್ದರು.

ಕೋಮಲಾಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. ಅವಳು ಕುರ್ಚಿಗಳ ನಡುವಿನ ದಾರಿಗೆ ಬಂದು ನಿಂತಳು. ಒಂದು ಕೈಯನ್ನು ಬಾಯಿಯ ಪಕ್ಕಕ್ಕೆ ಇಟ್ಟುಕೊಂಡು, ಕಟಿಂಗಿನ ಆಚೆ ಬದಿಗೂ ಮುಟ್ಟುವಂಥ ಗಂಟಲಿನಲ್ಲಿ ರಾಗ ಎಳೆದಳು.

"ಲೈನ್ ಬಿಡೀ..."

ರಾಜಶೇಖರ್ ಬೆಚ್ಚಿ ಕನ್ನಡಕ ಸರಿಮಾಡಿಕೊಂಡರು. ಯಾರೂ ದನಿ ಕೊಡದಿದ್ದರೆ ನಾಳೆಯಿಂದ ಊರಿನಲ್ಲಿ ಕೋಮಲಾಳನ್ನು ಹುಚ್ಚಿ ಅನ್ನುತ್ತಾರೆ. ಅನ್ನಲಿ ಎಂದುಕೊಂಡಳು.

ಬಾಗಿಲ ಪಕ್ಕದಿಂದ ಯೋಗಾನಂದನ ದನಿ ಬಂತು, ಅವನಿಗೇ ಗೊತ್ತಿಲ್ಲದೆ ಬಂದಂತಿತ್ತು. "ಡಿಂಗಾಳಿ."

ಅವನಾದ ಮೇಲೆ ಸಾಲಿನಲ್ಲಿ ಮೀನಾಕ್ಷಮ್ಮ. ಈಗ ಅವಳು ಕೂತಿದ್ದು ಎಲ್ಲೋ ಕಿಟಕಿಯ ಹತ್ತಿರ, ಆದರೆ ಸರದಿ ಮರೆತಿರಲಿಲ್ಲ. "ಡಿಂಗಾಳಿ" ಎಂದಳು, ಎದ್ದು ನಿಂತೇ ಹೇಳಿದಳು. ಮುಂದಿನ ಕುರ್ಚಿಗಳಿಂದ ಒಂದು, ಹಿಂದಿನ ಗೋಡೆಯಿಂದ ಒಂದು, ದಮ್ಮು ಹತ್ತಿದ ದನಿಯೊಂದು, ಹಲ್ಲಿಲ್ಲದ ಬಾಯಿಯದೊಂದು. ಚೆಲ್ಲಾಪಿಲ್ಲಿಯಾಗಿ ಕೂತವರು ಒಂದೇ ಹಳಿಯ ಪಕ್ಕ ನಿಂತವರಾದರು.

ಆಮೇಲೆ ಕರಿಯಣ್ಣನ ಸರದಿ ಬಂತು. ಎಲ್ಲರೂ ಬಾಯಿ ಮುಚ್ಚಿದರು.

ವೇದಿಕೆಯ ಮೇಲೆ ಚಂದ್ರಕುಮಾರ ಎದ್ದು ನಿಂತಿದ್ದ. ಸಾಲಿನಲ್ಲಿ ಎಂದೂ ನಿಲ್ಲದವನು, ಈ ಮೌನವನ್ನು ಎಂದೂ ಕೇಳದವನು. ಅವನ ತುಟಿ ಅಲುಗಿದ್ದು ಕೋಮಲಾಗೆ ಕಾಣಿಸಿತು. ಅಪ್ಪನ ಬದಲಿಗೆ ಇವನು ಹೇಳಿಬಿಡುತ್ತಾನೆ, ಮತ್ತೆ ಅದೇ ತಪ್ಪಾಗುತ್ತದೆ ಎಂದು ಅವಳ ಜೀವ ಬಾಯಿಗೆ ಬಂತು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಅವನು ತುಟಿ ಕಚ್ಚಿಕೊಂಡ. ಆ ಒಂದು ಉಸಿರು ಇಡೀ ಭವನದಲ್ಲಿ ಖಾಲಿಯಾಗಿಯೇ ಉಳಿಯಿತು.

"ಡಿಂಗಾಳಿ" ಎಂದಳು ಕೋಮಲಾ.

ಭವನಕ್ಕೆ ಬಂದವರ ಸಾಲಿನಲ್ಲಿ ಅವಳೇ ಕೊನೆಯವಳು. ಅವಳಾದ ಮೇಲೆ ಹೇಳುವವರು ಯಾರೂ ಇಲ್ಲ. ಲೈನಿನವರು ಕೆಂಚಪ್ಪನ ಕಡೆ ತಿರುಗಿದರು. ಆಗ ವೇದಿಕೆಯ ಮೇಲಿಂದ, ಅಕ್ಕನ ಸರದಿ ಮುಗಿದ ಮೇಲೆ, ಯಾರ ಬದಲಿಗೂ ಅಲ್ಲದೆ ಇನ್ನೊಂದು ದನಿ ಬಂತು. ಅಭ್ಯಾಸವಿಲ್ಲದ ದನಿ, ಹಾಜರಿ ಹೇಳುವ ಹುಡುಗನ ದನಿ.

"ಡಿಂಗಾಳಿ" ಎಂದ ಚಂದ್ರಕುಮಾರ.

ಯಾರೂ ನಗಲಿಲ್ಲ. ಕೆಂಚಪ್ಪ ಊರುಗೋಲು ಹಿಡಿದು ನಿಧಾನವಾಗಿ ಎದ್ದ. ಯೋಗಾನಂದನ ಮುಖ ನೋಡಿದ, ಮೀನಾಕ್ಷಮ್ಮನ ಮುಖ ನೋಡಿದ, ಹೇಳಿದವರೆಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ಬಂದು, ಕೋಮಲಾಳನ್ನು ನೋಡಿ, ಕೊನೆಗೆ ವೇದಿಕೆಯ ಮೇಲಿದ್ದ ಕರಿಯಣ್ಣನ ಮಗನ ಮುಖವನ್ನು ಬಹಳ ಹೊತ್ತು ನೋಡಿದ. ಎಲ್ಲರೂ ಹೊರಗೆ ಬಂದಿದ್ದಾರೆ ಎಂದು ಖಾತ್ರಿಯಾದ ಮೇಲೆ ಕೈ ಎತ್ತಿದ.